357 ಬೈಟ್‌ಗಳ ತಳಪಾಯ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಸ್ವತಂತ್ರ ತಂತ್ರಾಂಶದಲ್ಲಿ. ಕೇರಳದ ಸಾರ್ವಜನಿಕ ಶಾಲೆಗಳಿಗೆಂದು ಅಲ್ಲಿನ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಸಿದ್ಧಪಡಿಸಿದ ಗ್ನು ಲಿನಕ್ಸ್ ವ್ಯವಸ್ಥೆ ಇಲ್ಲಿಯೂ ಬಳಕೆಯಲ್ಲಿದೆ. ಬದಿಯಡ್ಕದ ಒಬ್ಬ ಹುಡುಗಿ "ಇದರ ಒಳಗೆ ಏನಿದೆ?" ಎಂದು ಕೇಳಿದರೆ, "ಸೋರ್ಸ್ ಕೋಡ್ ತೆರೆದೇ ಇದೆ, ಓದಿ ನೋಡು" ಎನ್ನಬಹುದು. ಇದು ಸಣ್ಣ ಮಾತಲ್ಲ. ಆದರೆ ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಲಿ ಎಂಬುದು ನನ್ನ ಆಸೆ: "ಓದಿದ್ದೇ ಯಂತ್ರದಲ್ಲಿ ಓಡುತ್ತಿದೆ ಎಂದು ಹೇಗೆ ತಿಳಿಯುವುದು?"

ಯಂತ್ರದಲ್ಲಿ ಓಡುವುದು ಮನುಷ್ಯರು ಬರೆದ ಸೋರ್ಸ್ ಕೋಡ್ ಅಲ್ಲ. ಕಂಪೈಲರ್ ಎಂಬ ಅನುವಾದಕ ಅದರಿಂದ ತಯಾರಿಸಿದ ಬೈನರಿ, ಅಂದರೆ ಯಂತ್ರದ ಭಾಷೆಯ ಕಡತ. ಕಂಪೈಲರ್ ಕೂಡ ಒಂದು ತಂತ್ರಾಂಶವೇ, ಅದನ್ನೂ ಇನ್ನೊಂದು ಕಂಪೈಲರ್ ತಯಾರಿಸಿರಬೇಕು. ಬಹಳಷ್ಟು ಕಂಪೈಲರ್‌ಗಳು ತಮ್ಮದೇ ಭಾಷೆಯಲ್ಲಿ ಬರೆಯಲ್ಪಟ್ಟು, ತಮ್ಮನ್ನು ತಾವೇ ಕಂಪೈಲ್ ಮಾಡಿಕೊಳ್ಳುತ್ತವೆ. 1962ರಲ್ಲಿ ಎಂಐಟಿಯಲ್ಲಿ ಟಿಮ್ ಹಾರ್ಟ್ ಮತ್ತು ಮೈಕ್ ಲೆವಿನ್ ಲಿಸ್ಪ್ ಭಾಷೆಗೆ ಇಂಥದ್ದೊಂದನ್ನು ಬರೆದರು. ಗ್ನು ಯೋಜನೆಯ ಹೆಸರಾಂತ ಕಂಪೈಲರ್ ಜಿಸಿಸಿ. ಇಂದಿನ ಜಿಸಿಸಿಯನ್ನು ಕಟ್ಟಲು ಸಿ++ ಕಂಪೈಲರ್ ಬೇಕು, ಜಿಸಿಸಿಯೇ ಒಂದು ಸಿ++ ಕಂಪೈಲರ್. ಮೊಸರಿಗೆ ಹೆಪ್ಪು ಬೇಕು, ಹೆಪ್ಪೆಂದರೆ ನಿನ್ನೆಯ ಮೊಸರು. ಆ ಹೆಪ್ಪನ್ನು ನಾವು ಅಂತರ್ಜಾಲದಿಂದ, ಯಾರೋ ಮೊದಲೇ ತಯಾರಿಸಿಟ್ಟ ಬೈನರಿಯ ರೂಪದಲ್ಲಿ ತರುತ್ತೇವೆ.

ಇದರಿಂದ ಏನಾಗಬಹುದು ಎಂಬುದನ್ನು ಯುನಿಕ್ಸ್ ಸೃಷ್ಟಿಕರ್ತರಲ್ಲಿ ಒಬ್ಬರಾದ ಕೆನ್ ಥಾಮ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ತೋರಿಸಿಕೊಟ್ಟರು. ಅದು 1984ರಲ್ಲಿ ಪ್ರಕಟವಾಯಿತು. ಕಂಪೈಲರಿನಲ್ಲಿ ಎರಡು ಕಳ್ಳ ತುಣುಕುಗಳನ್ನು ಸೇರಿಸಬೇಕು. ಲಾಗಿನ್ ಕಾರ್ಯಕ್ರಮ ಎದುರಾದಾಗ ಮೊದಲನೆಯ ತುಣುಕು ಅದರಲ್ಲಿ ಗುಪ್ತ ಪಾಸ್‌ವರ್ಡ್ ಒಂದನ್ನು ನುಸುಳಿಸುತ್ತದೆ. ಕಂಪೈಲರಿನದೇ ಸೋರ್ಸ್ ಕೋಡ್ ಎದುರಾದಾಗ ಎರಡನೆಯದು ಎರಡೂ ತುಣುಕುಗಳನ್ನು ಹೊಸ ಕಂಪೈಲರಿಗೆ ದಾಟಿಸುತ್ತದೆ. ಆಮೇಲೆ ಸೋರ್ಸ್ ಕೋಡಿನಿಂದ ಆ ಸಾಲುಗಳನ್ನು ಅಳಿಸಿಬಿಡಬಹುದು. ಎಷ್ಟೇ ಓದಿದರೂ ಏನೂ ಸಿಗದು, ಆದರೆ ಪ್ರತಿ ಹೊಸ ಬೈನರಿಯಲ್ಲಿಯೂ ಕಳ್ಳ ಇರುತ್ತಾನೆ.

ಇದು ಬರಿಯ ತರ್ಕವೆಂದು ತಳ್ಳಿಹಾಕುವಂತಿಲ್ಲ. 2024ರಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದಲ್ಲಿ ಹಿಂಬಾಗಿಲೊಂದು, ಅಂದರೆ ಕಳ್ಳತನದಿಂದ ಒಳನುಗ್ಗುವ ದಾರಿ, ಪತ್ತೆಯಾಯಿತು. ಕೇಡಿನ ಕೋಡ್ ಪರೀಕ್ಷೆಗೆಂದು ಇಟ್ಟ ಬೈನರಿ ಕಡತಗಳಲ್ಲಿ ಅಡಗಿತ್ತು. ಅದನ್ನು ಎಬ್ಬಿಸುವ ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು, ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಹೋದದ್ದರಿಂದ ಜಗತ್ತು ಪಾರಾಯಿತು. ಆ ತಾಳ್ಮೆಗೆ ನಾವೆಲ್ಲರೂ ಋಣಿಗಳು.

ಪರಿಹಾರದ ಒಂದು ದಾರಿಯನ್ನು ಡೇವಿಡ್ ವೀಲರ್ ತೋರಿಸಿದರು: ಸಂಬಂಧವೇ ಇಲ್ಲದ ಇನ್ನೊಂದು ಕಂಪೈಲರಿನಿಂದ ಆರಂಭಿಸಿ, ಅನುಮಾನವಿರುವ ಕಂಪೈಲರಿನ ಸೋರ್ಸ್ ಕೋಡನ್ನು ಎರಡು ಸುತ್ತು ಕಂಪೈಲ್ ಮಾಡಿ, ಬಂದ ಬೈನರಿ ಮೂಲದ್ದರೊಂದಿಗೆ ಬಿಟ್ ಬಿಟ್ಟಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದು. ನನಗೆ ಹೆಚ್ಚು ಹಿಡಿಸಿದ್ದು ಎರಡನೆಯ ದಾರಿ. ಹೆಪ್ಪನ್ನೇ ಬಿಟ್ಟು, ಮನುಷ್ಯ ಓದಿ ಮುಗಿಸಬಲ್ಲ ತಳದಿಂದ ಮೇಲಕ್ಕೆ ಕಟ್ಟುವುದು.

ಆ ತಳದ ಹೆಸರು ಹೆಕ್ಸ್‌ಜೀರೋ. ಜೆರಮಾಯ ಓರಿಯನ್ಸ್ ಅವರ ಸ್ಟೇಜ್‌ಜೀರೋ ಯೋಜನೆಯ ಕೂಸು. 2023ರಲ್ಲಿ ಗ್ನು ಗೀಕ್ಸ್ ಎಂಬ ಸ್ವತಂತ್ರ ತಂತ್ರಾಂಶ ವ್ಯವಸ್ಥೆ ಬುನಾದಿಯಾಗಿ ಇಟ್ಟುಕೊಂಡ ಹೆಕ್ಸ್‌ಜೀರೋದ ಗಾತ್ರ 357 ಬೈಟ್. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಹದಿನಾರರ ಪದ್ಧತಿಯ ಅಂಕಿಗಳನ್ನು (0ರಿಂದ 9, Aಯಿಂದ F) ಜೋಡಿಜೋಡಿಯಾಗಿ ಓದಿ, ಟಿಪ್ಪಣಿಗಳನ್ನು ಬಿಟ್ಟು, ಬೈಟ್‌ಗಳಾಗಿ ಬರೆಯುವುದು. ಅದರ ಸೋರ್ಸ್ ಕೋಡ್ ಕೂಡ ಅದೇ ಅಂಕಿಗಳು, ಪಕ್ಕದಲ್ಲಿ ವಿವರಣೆ. ಅದನ್ನು ಅದಕ್ಕೇ ಉಣಿಸಿದರೆ ಹೊರಬರುವುದು ಅದೇ ಬೈನರಿ.

ಮೇಲಿನದೆಲ್ಲ ಇದರ ಮೇಲೆ ನಿಲ್ಲುತ್ತದೆ. ಹೆಕ್ಸ್‌ಜೀರೋದಿಂದ ತುಸು ಜಾಣವಾದ ಹೆಕ್ಸ್‌ಒನ್, ಹೆಕ್ಸ್‌ಟೂ, ಮುಂದೆ ಯಂತ್ರದ ಆದೇಶಗಳನ್ನು ಹೆಸರುಗಳಿಂದ ಬರೆಯಗೊಡುವ ಪುಟ್ಟದೊಂದು ಅಸೆಂಬ್ಲರ್, ಸಿ ಭಾಷೆಯ ಒಂದಂಶವನ್ನಷ್ಟೇ ಬಲ್ಲ ಎಂಟೂ ಪ್ಲಾನೆಟ್ ಕಂಪೈಲರ್, ಯಾನ್ ನ್ಯೂವೆನ್‌ಹ್ಯೂಝೆನ್ ಅವರ ಗ್ನು ಮೆಸ್, ಅದರಿಂದ ಟೈನಿಸಿಸಿ ಎಂಬ ಪುಟ್ಟ ಸಿ ಕಂಪೈಲರ್, ಅದರಿಂದ ಹಳೆಯ ಜಿಸಿಸಿ, ಅದರಿಂದ ಹೊಸದು. ಹಳೆಯದನ್ನು ಸುಮ್ಮನೆ ಆರಿಸಿದ್ದಲ್ಲ. 4.8ನೆಯ ಆವೃತ್ತಿಯಿಂದ ಜಿಸಿಸಿ ಕಟ್ಟಲು ಸಿ++ ಕಂಪೈಲರ್ ಬೇಕೇ ಬೇಕು, ಅದಕ್ಕಿಂತ ಹಿಂದಿನದಕ್ಕೆ ಸಿ ಕಂಪೈಲರ್ ಸಾಕು. ಒಂದು ಕಾಲಕ್ಕೆ ಗೀಕ್ಸ್ ಕುರುಡಾಗಿ ನಂಬಬೇಕಾಗಿದ್ದ ಬೈನರಿಗಳ ಗಾತ್ರ ಸುಮಾರು 250 ಮೆಗಾಬೈಟ್ ಇತ್ತು ಎಂಬುದನ್ನು ನೆನೆದರೆ ಈ ಕೆಲಸದ ಬೆಲೆ ತಿಳಿಯುತ್ತದೆ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು ಇನ್ನೂ ಕಠಿಣ. ಅದರ ಮೊದಲ ಕಂಪೈಲರ್ ಓಕ್ಯಾಮಲ್ ಭಾಷೆಯಲ್ಲಿತ್ತು. ಆಮೇಲೆ ಒಂದೊಂದು ಆವೃತ್ತಿಗೂ ಅದರ ಹಿಂದಿನ ಆವೃತ್ತಿ ಬೇಕಾಯಿತು. ಆ ಉದ್ದದ ಸರಪಳಿಯನ್ನು ಮೊಟಕುಗೊಳಿಸಲು ಸಿ++ನಲ್ಲಿ ಬರೆದ ಎಂರಸ್ಟ್‌ಸಿ ಎಂಬ ಬೇರೆಯೇ ಕಂಪೈಲರ್ ಇದೆ. ರಸ್ಟ್ ಹೆಸರಾಗಿರುವ ಬಾರೋ ತಪಾಸಣೆಯನ್ನು, ಅಂದರೆ ಮೆಮೊರಿ ಬಳಕೆಯ ತಪ್ಪುಗಳನ್ನು ಮೊದಲೇ ಹಿಡಿಯುವ ಪರಿಶೀಲನೆಯನ್ನು, ಅದು ಮಾಡುವುದೇ ಇಲ್ಲ. ಸರಿಯಾಗಿದೆಯೆಂದು ಮೊದಲೇ ಗೊತ್ತಿರುವ ಕೋಡನ್ನು ಕಂಪೈಲ್ ಮಾಡಿದರೆ ಅದರ ಕೆಲಸ ಮುಗಿಯಿತು. ಬೇಕಾದಷ್ಟನ್ನೇ ಮಾಡುವ ಈ ವಿವೇಕ ನನಗೆ ಬಹಳ ಇಷ್ಟ.

ಹಾಗೆಂದು ನಂಬಿಕೆಯ ಅಗತ್ಯ ಪೂರ್ತಿ ತೊಲಗಿಲ್ಲ. ಗೀಕ್ಸ್‌ನ ಈ ಸಾಧನೆಯಲ್ಲಿಯೂ ಕಟ್ಟುವ ಕೆಲಸವನ್ನು ನಡೆಸಲು ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಮತ್ತು ಗೈಲ್ ಎಂಬ ಭಾಷೆಯ ಬೈನರಿಗಳು ಬೇಕಾದವು. ಲೈವ್‌ಬೂಟ್‌ಸ್ಟ್ರಾಪ್ ಎಂಬ ಯೋಜನೆ ಕರ್ನಲ್ಲನ್ನೂ ತಳದಿಂದಲೇ ಕಟ್ಟಲು ಹೊರಟಿದೆ. ಪ್ರೊಸೆಸರಿನ ಚಿಪ್ಪಿನೊಳಗೆ ಏನಿದೆಯೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನಮ್ಮ ಪ್ರೌಢಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್‌ನ ಘಟಕಗಳಿವೆ. ಅಲ್ಲಿನ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. 357 ಬೈಟ್ ಎಂದರೆ 714 ಅಂಕಿಗಳು, ನೋಟ್‌ಬುಕ್ಕಿನ ಒಂದೆರಡು ಪುಟ. ಕುಂಬಳೆಯಲ್ಲಿಯೋ ಮುಳ್ಳೇರಿಯದಲ್ಲಿಯೋ ನಾಲ್ಕು ಮಕ್ಕಳು ಸೇರಿ ಅದನ್ನು ಕೈಯಲ್ಲಿ ಬರೆಯಲಿ. ಪ್ರತಿಯೊಂದು ಆದೇಶದ ಪಕ್ಕದಲ್ಲಿ ಅದೇನು ಮಾಡುತ್ತದೆಂದು ಕನ್ನಡದಲ್ಲಿ ಟಿಪ್ಪಣಿ ಬರೆಯಲಿ. ಟಿಪ್ಪಣಿ ಯಾವ ಭಾಷೆಯಲ್ಲಿದ್ದರೂ ಹೆಕ್ಸ್‌ಜೀರೋ ಅದನ್ನು ದಾಟಿ ಹೋಗುತ್ತದೆ. ನಂತರ ಆ ಅಂಕಿಗಳನ್ನು, ಬೈಟ್‌ಗಳನ್ನು ನೇರವಾಗಿ ಬರೆಯಗೊಡುವ ಹೆಕ್ಸ್ ಎಡಿಟರಿನಲ್ಲಿ ತುಂಬಿಸಿ, ಓಡಿಸಿ, ಮೂಲದ ಬೈನರಿಯೊಂದಿಗೆ ತಾಳೆ ನೋಡಲಿ. ತಾಳೆಯಾಗದಿದ್ದರೆ ಯಾವ ಬೈಟ್ ತಪ್ಪಿತೆಂದು ಹುಡುಕಲು ಇನ್ನೊಂದು ತರಗತಿಯ ಸಮಯ ಕೊಡಿ. ನಮಸ್ಕಾರ.