ಭರಣಿಯ ಒಳಗೂ ಗೊಬ್ಬರದ ಗುಂಡಿಯ ಒಳಗೂ

ಕೇಳುಗರೇ, ಎಲ್ಲರಿಗೂ ನಮಸ್ಕಾರ.

ವಿಷು ಕಳೆಯಿತು. ಶಾಲೆಗಳಿಗೆ ರಜೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿ ಹೋದರೂ ಈಗ ಮನೆಯಂಗಳದಲ್ಲಿ ಏನಾದರೊಂದು ಒಣಗುತ್ತಿರುತ್ತದೆ. ಹಲಸಿನ ಹಪ್ಪಳ, ಮಾವಿನ ಹಣ್ಣಿನ ಮಾಂಬಳ, ಪುನರ್ಪುಳಿ ಸಿಪ್ಪೆ, ಬಾಳಕದ ಮೆಣಸು. ಕಡಲ ಕರೆಯ ಊರುಗಳಲ್ಲಿ ಒಣಮೀನು. ಒಳಗೆ ಉಗ್ರಾಣದಲ್ಲಿ ಭರಣಿಗಳು ತುಂಬುತ್ತಿವೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಹಿಂದೆಲ್ಲ ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಈಗ ಕೂಡಿಟ್ಟದ್ದೇ ಆಗ ಊಟ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ನಮ್ಮ ಪಾಠಗಳಲ್ಲಿ ಬಲ ಎಂಬುದು ಒಂದು ಕಡೆ, ಆಹಾರ ಕೆಡದಂತೆ ಇಡುವುದು ಇನ್ನೊಂದು ಕಡೆ, ಕಸದ ವಿಚಾರ ಮತ್ತೊಂದು ಕಡೆ ಬರುತ್ತದೆ. ಮಕ್ಕಳು ಮೂರನ್ನೂ ಬೇರೆ ಬೇರೆಯಾಗಿ ಕಲಿಯುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ಆದರೆ ಮನೆಯ ಉಗ್ರಾಣದಿಂದ ಹಿತ್ತಿಲ ಗೊಬ್ಬರದ ಗುಂಡಿಗೆ ಒಮ್ಮೆ ನಡೆದು ಹೋದರೆ ಈ ಮೂರೂ ಒಂದೇ ಪಾಠ ಅಂತ ಗೊತ್ತಾಗುತ್ತದೆ. ರಜೆಯಲ್ಲಿ ಅಮ್ಮಂದಿರು, ಅಜ್ಜಿಯಂದಿರು ಮಕ್ಕಳಿಗೆ ಅದನ್ನು ತೋರಿಸಿಕೊಡಬೇಕು ಎಂಬ ಆಸೆಯಿಂದ ಈ ಮಾತು.

ಅನ್ನ ಯಾಕೆ ಹಳಸುತ್ತದೆ? ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿನ್ನುವುದರಿಂದ. ಬ್ಯಾಕ್ಟೀರಿಯ, ಯೀಸ್ಟ್, ನಾವು ಬೂಷ್ಟು ಅನ್ನುವ ಶಿಲೀಂಧ್ರ. ಇವಕ್ಕೂ ನಮಗೆ ಬೇಕಾದದ್ದೇ ಬೇಕು. ತಿನ್ನಲು ಆಹಾರ, ನೀರು, ಹಿತವಾದ ಬಿಸಿ, ಹೆಚ್ಚಿನವಕ್ಕೆ ಗಾಳಿಯೂ ಬೇಕು. ಇಷ್ಟು ಸಿಕ್ಕಿತೆಂದರೆ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ. ಮಕ್ಕಳ ಕೈಯಲ್ಲಿ ಈ ಲೆಕ್ಕ ಮಾಡಿಸಿ ನೋಡಿ. ಏಳು ಗಂಟೆಯಲ್ಲಿ ಒಂದೇ ಒಂದು ಬ್ಯಾಕ್ಟೀರಿಯ 20 ಲಕ್ಷ ದಾಟುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟು ಹೊತ್ತಿನಲ್ಲಿ! ದೋಸೆ ಹಿಟ್ಟು ಉಬ್ಬಿ ಹುಳಿಯಾಗುವುದೂ ಇಂಥವುಗಳಿಂದಲೇ. ಅಲ್ಲಿ ನಮಗೆ ಅವು ಬೇಕು. ಅನ್ನದ ಪಾತ್ರೆಯಲ್ಲಿ ಬೇಡ.

ಹಾಗಾದರೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ವರ್ಷಗಟ್ಟಲೆ ಹೇಗೆ ಉಳಿಯುತ್ತದೆ? ಇದಕ್ಕೆ ಒಂದು ಸಣ್ಣ ಪ್ರಯೋಗ ಸಾಕು. ಎರಡು ಬಟ್ಟಲಲ್ಲಿ ಸೌತೆಕಾಯಿ ಹೋಳು ಹಾಕಿ. ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಬೆರೆಸಿ. ಅರ್ಧ ಗಂಟೆ ಸುಮ್ನೆ ಬಿಟ್ಟು ನೋಡಿ. ಉಪ್ಪು ಹಾಕಿದ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತದೆ, ಹೋಳು ಬಾಡಿರುತ್ತದೆ. ಮಿಡಿ ಮಾವಿನಕಾಯಿ ಉಪ್ಪಿನಲ್ಲಿ ಚಿರುಟುವುದೂ ಹೀಗೆಯೇ. ಹೊರಗೆ ಉಪ್ಪು ಜಾಸ್ತಿಯಾದಾಗ ಒಳಗಿನ ನೀರು ಹೊರಗೆ ಬರುತ್ತದೆ. ಮಾವಿನಕಾಯಿಯ ಮೇಲೆ ಕೂತ ಬ್ಯಾಕ್ಟೀರಿಯಕ್ಕೂ ಇದೇ ಗತಿ. ಅದರ ಮೈಯ ನೀರೂ ಹೊರಗೆ ಹೋಗುತ್ತದೆ. ಸುತ್ತ ನೀರೇ ಇದ್ದರೂ ಅದಕ್ಕೆ ಕುಡಿಯಲು ಸಿಗುವುದಿಲ್ಲ. ಸಕ್ಕರೆ, ಬೆಲ್ಲದ ಪಾಕದಲ್ಲಿಯೂ ನಡೆಯುವುದು ಇದೇ.

ಕೆಲವರು ಆರೋಗ್ಯಕ್ಕೆಂದು ಉಪ್ಪಿನಕಾಯಿಗೆ ಉಪ್ಪು ಕಡಿಮೆ ಹಾಕುತ್ತಾರೆ. ಹಾಕಿ, ತಪ್ಪಿಲ್ಲ. ಆದರೆ ಅದನ್ನು ಹೊರಗಿಡಬೇಡಿ. ಫ್ರಿಜ್ಜಿನಲ್ಲಿಟ್ಟು ಬೇಗ ತಿಂದು ಮುಗಿಸಿ. ಉಪ್ಪನ್ನು ತೆಗೆದರೆ ಕಾವಲನ್ನೇ ತೆಗೆದಂತಾಯಿತು, ಅಲ್ವಾ?

ಈಗ ಬಲದ ಪಾಠಕ್ಕೆ ಬರೋಣ. ಉಪ್ಪುನೀರಿನ ಭರಣಿಯಲ್ಲಿ ಮಾವಿನಕಾಯಿಯ ಮೇಲೆ ಅಜ್ಜಿ ಒಂದು ಕಲ್ಲು ಇಡುತ್ತಾರೆ. ಹಲಸಿನ ಸೊಳೆ ಉಪ್ಪಿನಲ್ಲಿ ಹಾಕುವಾಗಲೂ ಇಡುತ್ತಾರೆ. ಯಾಕೆ ಅಂತ ಮಕ್ಕಳನ್ನು ಕೇಳಿ. ನೀರಿಗೆ ಉಪ್ಪು ಸೇರಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ, ಅಂದರೆ ಅಷ್ಟೇ ಜಾಗದ ನೀರು ಮೊದಲಿಗಿಂತ ಭಾರವಾಗುತ್ತದೆ. ಆಗ ಒಳಗಿರುವ ವಸ್ತುವನ್ನು ಅದು ಮೇಲಕ್ಕೆ ದೂಡುವ ಬಲವೂ ಹೆಚ್ಚುತ್ತದೆ. ಬರೀ ನೀರಿನಲ್ಲಿ ಮುಳುಗುವ ಕೋಳಿಮೊಟ್ಟೆ ಉಪ್ಪುನೀರಿನಲ್ಲಿ ತೇಲುವುದು ಇದರಿಂದಲೇ. ಮಾವಿನಕಾಯಿಯೂ ಮೇಲಕ್ಕೆ ಬರುತ್ತದೆ. ತೇಲಿದ ತುದಿಗೆ ಗಾಳಿ ತಾಗುತ್ತದೆ. ಬೂಷ್ಟಿಗೆ ಗಾಳಿ ಬೇಕು. ಹಾಗಾಗಿ ಮೊದಲು ಕೆಡುವುದು ನೀರಿನಿಂದ ಮೇಲೆ ಎದ್ದ ಕಾಯಿ. ಕಲ್ಲು ಅದನ್ನು ಒಳಗೇ ಒತ್ತಿ ಹಿಡಿಯುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕವಿದೆ. ಒಂದು ಕಿಲೋ ಕಲ್ಲನ್ನು ಭೂಮಿ ಸುಮಾರು 9.8 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಆದರೆ ಕಲ್ಲು ಉಪ್ಪುನೀರಿನಲ್ಲಿ ಮುಳುಗಿದ ಮೇಲೆ ಆ ನೀರು ಕಲ್ಲನ್ನೂ ಮೇಲಕ್ಕೆ ದೂಡುತ್ತದೆ. ಹೊಳೆಯ ಕರಿಕಲ್ಲಾದರೆ ಒಂದು ಕಿಲೋದ್ದು ಅಲ್ಲಿ ಸುಮಾರು 600 ಗ್ರಾಂನಷ್ಟೇ ಕೆಲಸ ಮಾಡುತ್ತದೆ. ಅಂದಾಜಿಗಿಂತ ದೊಡ್ಡ ಕಲ್ಲನ್ನೇ ಅಜ್ಜಿ ಹುಡುಕುವುದು ಸುಮ್ನೆ ಅಲ್ಲ. ಅಂಗಳದ ಕೆಂಪು ಮುರಕಲ್ಲನ್ನು ಅವರು ಮುಟ್ಟುವುದಿಲ್ಲ. ಅದರ ಮೈತುಂಬ ತೂತು. ತೂತಿನಲ್ಲಿ ಮಣ್ಣು, ಮಣ್ಣಿನಲ್ಲಿ ಬೂಷ್ಟಿನ ಬೀಜಕಣ. ನುಣುಪಾದ ಹೊಳೆಕಲ್ಲನ್ನು ಉಜ್ಜಿ ತೊಳೆದು ಕುದಿಸಿ ಇಡಬಹುದು. ಕಬ್ಬಿಣದ ತೂಕದ ಕಲ್ಲೂ ಬೇಡ, ಉಪ್ಪಿನಲ್ಲಿ ತುಕ್ಕು ಹಿಡಿಯುತ್ತದೆ. ಸಾಂದ್ರತೆ, ಗುರುತ್ವಾಕರ್ಷಣೆ, ತೇಲಿಸುವ ಬಲ, ತುಕ್ಕು, ಇಷ್ಟೂ ಪಾಠ ಒಂದು ಭರಣಿಯಲ್ಲಿ ಇವೆ. ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಬರೆದು ಬಲ ಅಂದರೆ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ತೇಲುವ ಕಾಯಿಯನ್ನು ಅವರ ಬೆರಳಿನಿಂದಲೇ ಒತ್ತಿಸಿ. ಬೆರಳನ್ನು ಮೇಲಕ್ಕೆ ದೂಡುವುದು ಅವರಿಗೇ ಗೊತ್ತಾಗುತ್ತದೆ. ಕೈ ಚೆನ್ನಾಗಿ ತೊಳೆಸಿಯೇ ಮಾಡಿಸಿ. ಇಲ್ಲವಾದರೆ ಒಂದು ಬಾಲ್ದಿಯಲ್ಲಿ ಬೇರೆ ಉಪ್ಪುನೀರು ಮಾಡಿಕೊಳ್ಳಿ.

ಹಪ್ಪಳ ಒತ್ತುವ ಮಣೆಯಲ್ಲಿಯೂ ಬಲವೇ. ಉದ್ದದ ಹಿಡಿ ಇರುವುದರಿಂದ ನಾವು ಹಾಕಿದ ಬಲ ಹಿಟ್ಟಿನ ಉಂಡೆಯ ಹತ್ತಿರ ಹೆಚ್ಚಾಗುತ್ತದೆ. ಉಂಡೆ ತೆಳ್ಳಗೆ ಹರಡುತ್ತದೆ. ತೆಳ್ಳಗಾದದ್ದು ಬೇಗ ಒಣಗುತ್ತದೆ. ಬ್ಯಾಕ್ಟೀರಿಯ ಲಕ್ಷಗಟ್ಟಲೆ ಆಗುವ ಮೊದಲೇ ನೀರು ಆರಿ ಹೋಗಬೇಕು, ಅಷ್ಟೇ. ದಪ್ಪ ಹಪ್ಪಳ ಮೋಡದ ದಿನ ಹುಳಿಯಾಗುವುದು ಇದಕ್ಕೇ.

ತೆಂಗಿನಕಾಯಿ ನಮ್ಮೂರಿನ ಜೀವ. ಹಸಿ ಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲು ನೀರು. ಒಣಗಿಸಿ ಕೊಬ್ಬರಿ ಮಾಡುವಾಗ ಅದು ಶೇಕಡಾ 6ರ ಹತ್ತಿರ ಇಳಿಯಬೇಕು. ಸರಿಯಾಗಿ ಒಣಗದೆ ಗೋಣಿಗೆ ಹೋದರೆ ಹಳದಿ, ಹಸಿರು ಬೂಷ್ಟು ಹಿಡಿಯುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಕೈಮುಗಿದು ಹೇಳುತ್ತೇನೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬೂಷ್ಟು ಹಿಡಿದ ನೆಲಗಡಲೆ ಹಿಂಡಿ. ಆ ಶಿಲೀಂಧ್ರ ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಅದು ಪಿತ್ತಜನಕಾಂಗಕ್ಕೆ ಮಾರಕ, ಕ್ಯಾನ್ಸರಿಗೂ ದಾರಿ. ನಮ್ಮ ಅಡುಗೆಯ ಬಿಸಿಗೆ ಅದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬೂಷ್ಟು ಬಂದ ಕೊಬ್ಬರಿ, ನೆಲಗಡಲೆಯನ್ನು ಉಜ್ಜಿ ಬಿಸಿಲಿಗಿಟ್ಟು ಉಪಯೋಗಿಸಬೇಡಿ. ದನಕ್ಕೂ ಹಾಕಬೇಡಿ. ದನ ತಿಂದರೆ ಹಾಲಿಗೂ ಬರುತ್ತದೆ.

ನಮ್ಮ ಅಜ್ಜಿಯಂದಿರಿಗೆ ಬ್ಯಾಕ್ಟೀರಿಯ ಎಂಬ ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ಬೆಲೆ ಕಡಿಮೆ ಅಂತ ನನಗೆ ಅನಿಸುವುದಿಲ್ಲ. ಫ್ರಾನ್ಸಿನಲ್ಲಿ ನಿಕೊಲಾ ಅಪೇರ್ ಎಂಬ ಅಡುಗೆಯವರು ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಬೇಯಿಸಿ ತಿಂಗಳುಗಟ್ಟಲೆ ಕೆಡದಂತೆ ಇಟ್ಟರು. 1810ರಲ್ಲಿ ಅಲ್ಲಿನ ಸರ್ಕಾರ ಅವರಿಗೆ 12,000 ಫ್ರಾಂಕ್ ಕೊಟ್ಟಿತು. ಯಾಕೆ ಕೆಡುವುದಿಲ್ಲ ಅಂತ ಅವರಿಗೂ ತಿಳಿದಿರಲಿಲ್ಲ. ಲೂಯಿ ಪಾಶ್ಚರ್ ಅದನ್ನು ತೋರಿಸಿಕೊಟ್ಟದ್ದು 1860ರ ಸುಮಾರಿಗೆ, ಐವತ್ತು ವರ್ಷದ ನಂತರ. ಕೈ ಮೊದಲು ಕಲಿಯಿತು, ಕಾರಣ ಆಮೇಲೆ ಬಂತು. ಮಕ್ಕಳಿಗೆ ಇದನ್ನು ಹೇಳಿ. ತಮ್ಮ ಮನೆಯ ಕೆಲಸವೂ ವಿಜ್ಞಾನವೇ ಎಂಬ ಧೈರ್ಯ ಅವರಿಗೆ ಬರುತ್ತದೆ.

ಇನ್ನು ಹಿತ್ತಿಲಿಗೆ ಹೋಗೋಣ. ಭರಣಿಯಲ್ಲಿ ಯಾರನ್ನು ತಡೆದೆವೋ ಗೊಬ್ಬರದ ಗುಂಡಿಗೆ ಅವರನ್ನೇ ಕರೆಯಬೇಕು. ಅಲ್ಲಿ ಬೇಡವೆಂದದ್ದನ್ನೆಲ್ಲ ಇಲ್ಲಿ ಕೊಡಬೇಕು. ನೀರು, ಗಾಳಿ, ಆಹಾರ. ತರಕಾರಿ ಸಿಪ್ಪೆ, ಹಲಸಿನ ರಚ್ಚೆ, ಹಟ್ಟಿಯ ಸೆಗಣಿ ಇವು ಹಸಿ. ತರಗೆಲೆ, ಒಣಹುಲ್ಲು, ಅಡಿಕೆ ಸೋಗೆಯ ತುಂಡು ಇವು ಒಣ. ಎರಡನ್ನೂ ಪದರ ಪದರವಾಗಿ ಹಾಕಬೇಕು. ತೇವ ಎಷ್ಟು ಅಂದರೆ, ಹಿಂಡಿದ ಬಟ್ಟೆಯಷ್ಟು. ಅದಕ್ಕಿಂತ ಜಾಸ್ತಿಯಾದರೆ ಗಾಳಿ ಹೋಗುವ ಸಂದುಗಳಲ್ಲಿ ನೀರು ತುಂಬುತ್ತದೆ. ಆಗ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಗಳು ಏಳುತ್ತವೆ, ಗುಂಡಿ ನಾರುತ್ತದೆ. ನಾತ ಬಂತೆಂದರೆ ಗುಂಡಿ ಮುಚ್ಚಬೇಡಿ. ಒಣ ಎಲೆ ಸೇರಿಸಿ, ಹಾರೆಯಿಂದ ಮಗುಚಿ. ಒಳ್ಳೆಯ ರಾಶಿಯೊಳಗೆ ಬಿಸಿ 50, 60 ಡಿಗ್ರಿಗೆ ಏರುತ್ತದೆ. ಕೋಲು ಚುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ ನೋಡಲು ಹೇಳಿ. ಕಣ್ಣಿಗೆ ಕಾಣದವರು ದುಡಿಯುತ್ತಿದ್ದಾರೆ ಅಂತ ಮಕ್ಕಳಿಗೆ ಕೈಯಲ್ಲೇ ತಿಳಿಯುತ್ತದೆ.

ಒಂದು ಮಾತು ಮರೆಯಬೇಡಿ. ಹಳೆಯ ಉಪ್ಪಿನಕಾಯಿಯನ್ನೋ ಉಪ್ಪುನೀರನ್ನೋ ಗುಂಡಿಗೆ ಸುರಿಯಬಾರದು. ಭರಣಿಯಲ್ಲಿ ಮಾಡಿದ ಕೆಲಸವನ್ನೇ ಉಪ್ಪು ಅಲ್ಲಿಯೂ ಮಾಡುತ್ತದೆ. ಎರೆಹುಳು ಸಾಯುತ್ತದೆ, ಗೊಬ್ಬರವಾಗುವುದು ನಿಲ್ಲುತ್ತದೆ, ಗಿಡದ ಬೇರಿಗೂ ಕೇಡು.

ತೆಂಗಿನ ಮಡಲು ಗಟ್ಟಿ, ಬೇಗ ಕರಗುವುದಿಲ್ಲ. ನಮ್ಮ ಕಾಸರಗೋಡಿನಲ್ಲೇ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಒಂದು ಕೇಂದ್ರ ಶುರುವಾಯಿತು. ಈಗ ಎಲ್ಲರೂ ಸಿಪಿಸಿಆರ್‌ಐ ಅನ್ನುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದು. ತೆಂಗಿನ ಗರಿಯನ್ನು ಎರೆಗೊಬ್ಬರ ಮಾಡುವ ವಿಧಾನವನ್ನು ಅಲ್ಲಿನ ವಿಜ್ಞಾನಿಗಳು ರೂಪಿಸಿದ್ದಾರೆ. ಅದಕ್ಕೆ ಬಳಸುವುದು ಯೂಡ್ರಿಲಸ್ ಎಂಬ ಜಾತಿಯ ಎರೆಹುಳು. ಸುಟ್ಟು ಹಾಕುತ್ತಿದ್ದ ಗರಿ ಮತ್ತೆ ತೆಂಗಿನ ಬುಡಕ್ಕೆ ಹೋಗುತ್ತದೆ.

ಪ್ಲಾಸ್ಟಿಕ್ಕಿನ ಕಥೆ ಬೇರೆ. ಅದನ್ನು ತಿಂದು ಕರಗಿಸುವ ಜೀವಿಗಳು ನಮ್ಮ ಗುಂಡಿಯಲ್ಲಿ ಇಲ್ಲ. ಒಂದು ಹೂಕುಂಡದ ಮಣ್ಣಿನಲ್ಲಿ ಬಾಳೆಸಿಪ್ಪೆ, ಕಾಗದ, ಅಡಿಕೆ ಹಾಳೆಯ ತುಂಡು, ಮಿಠಾಯಿಯ ಪ್ಲಾಸ್ಟಿಕ್ ಹೊದಿಕೆ ಹೂತು, ಶಾಲೆ ಶುರುವಾಗುವಾಗ ಅಗೆದು ನೋಡಲಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪ್ಲಾಸ್ಟಿಕ್ಕನ್ನು ಬಚ್ಚಲ ಒಲೆಗೆ ಹಾಕುವವರು ಇನ್ನೂ ಇದ್ದಾರೆ. ಅದರ ಹೊಗೆಯಲ್ಲಿ ವಿಷವಿದೆ, ಸ್ನಾನದ ನೀರು ಕಾಯಿಸುವ ಅಮ್ಮನೇ ಅದನ್ನು ಮೊದಲು ಕುಡಿಯುವವಳು. ದಯವಿಟ್ಟು ನಿಲ್ಲಿಸಿ. ಮನೆ ಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಅಕ್ಕಂದಿರು ಬಾಗಿಲಿಗೆ ಬರುತ್ತಾರೆ, ಅವರಿಗೆ ಕೊಡಿ. ತೊಳೆದು ಒಣಗಿಸಿ ಕೊಡಿ ಅಂತ ಅವರು ಹೇಳುವುದಕ್ಕೂ ಕಾರಣವಿದೆ. ಹಾಲಿನ ತೊಟ್ಟೆಯಲ್ಲಿ ನಾಲ್ಕು ಹನಿ ಉಳಿದರೂ ಬ್ಯಾಕ್ಟೀರಿಯಕ್ಕೆ ಆಹಾರವೂ ಆಯಿತು, ನೀರೂ ಆಯಿತು. ಕಟ್ಟಿಟ್ಟ ಚೀಲ ಗಬ್ಬೆದ್ದು ನಾರುತ್ತದೆ. ಅದನ್ನು ಬರಿಗೈಯಲ್ಲಿ ವಿಂಗಡಿಸುವುದು ಯಾರೋ ಒಬ್ಬಳು ಹೆಣ್ಣುಮಗಳು. ತೊಟ್ಟೆಯನ್ನು ಹಪ್ಪಳದ ಪಕ್ಕದಲ್ಲೇ ಒಂದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸಲು ಏನು ಕಷ್ಟ?

ಜೂನ್ ತಿಂಗಳಲ್ಲಿ ಶಾಲೆ ತೆರೆಯುತ್ತದೆ. ಅಷ್ಟರೊಳಗೆ ಮಕ್ಕಳು ಮಾಡಬಹುದಾದದ್ದು ಇಷ್ಟು. ಸೌತೆಕಾಯಿ ಹೋಳಿನ ನೀರನ್ನು ಅಳೆದು ಬರೆದಿಡಲಿ. ಉಪ್ಪು ಎಷ್ಟು ಚಮಚವಾದಾಗ ಮೊಟ್ಟೆ ತೇಲಿತು ಅಂತ ಬರೆಯಲಿ. ಗೊಬ್ಬರದ ರಾಶಿಯನ್ನು ವಾರಕ್ಕೊಮ್ಮೆ ಮುಟ್ಟಿ ನೋಡಲಿ. ಹೂಕುಂಡಕ್ಕೆ ದಿನಾ ಸ್ವಲ್ಪ ನೀರು ಹನಿಸಲಿ, ಇಲ್ಲವಾದರೆ ಏನೂ ಕೊಳೆಯುವುದಿಲ್ಲ. ಬೂಷ್ಟು ಬಂದ ಯಾವುದನ್ನೂ ಮೂಗಿನ ಹತ್ತಿರ ಹಿಡಿದು ಮೂಸಬಾರದು, ಅದನ್ನು ದೊಡ್ಡವರು ನೋಡಿಕೊಳ್ಳಿ. ಪುಸ್ತಕ ಬೇಕಾಗಿಲ್ಲ, ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ಶಾಲೆಗೆ ಬರುವಾಗ ಅದನ್ನು ಹಿಡಿದುಕೊಂಡು ಬರಲಿ, ನಾವು ಟೀಚರುಗಳು ಓದುತ್ತೇವೆ.

ನಮಸ್ಕಾರ.