ವಾಪಸ್ ಎಷ್ಟು ಗಂಟೆಗೆ? ತಡಿಯಂಡಮೋಳ್ ಮಂಜಿನಲ್ಲಿ ಒಂದು ದಿನ

ಇದು ಕಕ್ಕಬ್ಬೆ, ತಡಿಯಂಡಮೋಳ್ ಬೆಟ್ಟದ ಬುಡದ ಊರು. ಅಕ್ಟೋಬರ್ ತಿಂಗಳು, ಬೆಳಗ್ಗೆ ಎಂಟು ಗಂಟೆ. ನಾವು ಉಳಿದುಕೊಂಡಿದ್ದ ಮನೆಯ ಆಂಟಿ ಕಾಫಿ ಕೊಡುತ್ತಾ ಕೇಳಿದ್ದು ಒಂದೇ ಮಾತು: "ಮೇಲಿಂದ ಎಷ್ಟು ಗಂಟೆಗೆ ವಾಪಸ್ ಹೊರಡ್ತೀರಾ?" ಹನ್ನೆರಡು ಎಂದೆವು. "ಹಾಗಾದ್ರೆ ಮೂರರೊಳಗೆ ಇಲ್ಲಿರಬೇಕು" ಎಂದು ಗೋಡೆಯ ಕ್ಯಾಲೆಂಡರ್ ಮೇಲೆ 3 ಅಂತ ಬರೆದರು.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ನಾಲ್ಕುನಾಡು ಅರಮನೆ ದಾಟಿದ ಮೇಲೆ ಹತ್ತುವ ದಾರಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ. ಆನೆ ಓಡಾಡುವ ಕಾಡು ಇದು, ಕತ್ತಲಾದ ಮೇಲೆ ಇಲ್ಲಿರಬಾರದು.

ನೋಡಿ, ನನ್ನ ಸಾಕ್ಸ್ ಮೇಲೆ ಜಿಗಣೆ. ಕಚ್ಚಿದ್ದರೆ ಗಾಬರಿಯಾಗಿ ಎಳೆಯಬೇಡಿ. ಬಾಯಿ ಅಂಟಿದ ಜಾಗಕ್ಕೆ ಉಗುರು ಕೊಟ್ಟು ಮೆಲ್ಲಗೆ ಸರಿಸಿ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತದೆ. ಭಯ ಬೇಡ.

ಭಯಪಡಬೇಕಾದದ್ದು ಮಂಜಿಗೆ. ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಕೊನೆಯ ಏರು ಮಾತ್ರ ಬಾಕಿ. ಕಣಿವೆಯಿಂದ ಮಂಜು ಎದ್ದು ಬಂತು. ಹತ್ತು ಹೆಜ್ಜೆ ಮುಂದಿದ್ದ ಗೆಳೆಯನ ಕೆಂಪು ರೇನ್‌ಕೋಟ್ ಮೊದಲು ಮಸುಕಾಯಿತು, ಆಮೇಲೆ ಕಾಣಲೇ ಇಲ್ಲ. ಕೂಗಿ ಕರೆದು, ಎಲ್ಲರೂ ಒಟ್ಟಾಗಿ ಅಲ್ಲಿಂದಲೇ ತಿರುಗಿದೆವು. ತುದಿ ಮುಟ್ಟಲಿಲ್ಲ. ಬೇಜಾರಾಯಿತು, ನಿಜ.

ಇಳಿಯುವಾಗ ಹುಲ್ಲಿನ ಮಧ್ಯೆ ಮೂರು ಕಾಲುದಾರಿ. ಮೂರೂ ಒಂದೇ ಥರ. ಎಲ್ಲೋ ಕೆಳಗೆ ನೀರಿನ ಸದ್ದು. "ತೊರೆ ಹಿಡಿದು ಹೋದ್ರೆ ಊರು ಸಿಗುತ್ತೆ ಅಲ್ವಾ?" ಎಂದ ಒಬ್ಬ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಘಟ್ಟದ ತೊರೆಗಳು ಬಂಡೆಯಿಂದ ಬಂಡೆಗೆ ಧುಮುಕುತ್ತವೆ. ಮಂಜಿನಲ್ಲಿ ಆ ಅಂಚು ಕಾಣುವುದು ಕಾಲಿಟ್ಟ ಮೇಲೆಯೇ.

ನಾವು ಕೂತೆವು. ಅಷ್ಟೇ. ಒದ್ದೆ ಶರ್ಟ್ ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಒಣ ಸ್ವೆಟರ್ ಹಾಕಿಕೊಂಡೆವು. ಒದ್ದೆ ಮೈಗೆ ಗಾಳಿ ಬಡಿದರೆ ಇಲ್ಲೂ ಕೈ ನಡುಗಿ ಬುದ್ಧಿ ಮಂಕಾಗುತ್ತದೆ. ಬೆಲ್ಲ, ಕಡ್ಲೆಕಾಯಿ ತಿಂದೆವು. ನಡುನಡುವೆ ಮೂರು ಸಲ ಸೀಟಿ ಊದಿದೆವು, ಯಾರಾದರೂ ಇದ್ದರೆ ಕೇಳಲಿ ಅಂತ. ಗುಡುಗು ಇದ್ದಿದ್ದರೆ ಬಯಲಲ್ಲಿ ಹೀಗೆ ಕೂರುತ್ತಿರಲಿಲ್ಲ.

ಇಪ್ಪತ್ತೈದು ನಿಮಿಷಕ್ಕೆ ಮಂಜು ಸ್ವಲ್ಪ ಸರಿಯಿತು. ಹತ್ತುವಾಗ ಕೂತು ನೀರು ಕುಡಿದ ದೊಡ್ಡ ಬಂಡೆ ಎಡಕ್ಕೆ ಕಾಣಿಸಿತು. ಕೂರುವ ಮುಂಚೆ ನಾವು ಹೊರಟಿದ್ದು ಬಲಕ್ಕೆ.

ಮನೆ ಮುಟ್ಟಿದಾಗ ಮೂರಕ್ಕೆ ಐದು ನಿಮಿಷ. ಆಂಟಿ ಗೇಟಿನ ಹತ್ತಿರವೇ ನಿಂತಿದ್ದರು, ಕೈಯಲ್ಲಿ ಫೋನ್ ಹಿಡಿದುಕೊಂಡು.