ಮೋಟರ್ ಸುಟ್ಟಿದ್ದಾ, ವೈರ್ ಹೋಗಿದ್ದಾ? ಕಾಲೆಳೆಯುವ ಇಲಿಯ ಕಥೆ

[ದೃಶ್ಯ: ಕಾಫಿ ತೋಟದ ಕೆರೆ, ಪಕ್ಕದಲ್ಲಿ ಪಂಪ್ ಶೆಡ್]

ನಮಸ್ಕಾರ. ವಿರಾಜಪೇಟೆ ಹತ್ತಿರದ ನಮ್ಮ ತೋಟದ ಕೆರೆ ಇದು. ಈ ಸಲ ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟಿತು. ರೊಬಸ್ಟಾ ಮೊಗ್ಗು ನೀರಿಗೆ ಕಾಯುತ್ತಿದೆ, ಸ್ಪ್ರಿಂಕ್ಲರ್ ಹಾಕೋಣ ಅಂದರೆ ಮೋಟರ್ ಗೊರ್ರ್ ಅನ್ನುತ್ತದೆ, ತಿರುಗುವುದಿಲ್ಲ. ಮೋಟರೇ ಹೋಗಿದೆ ಅಂದರು ಎಲ್ಲರೂ. ಬಿಚ್ಚಿ ಪೇಟೆಗೆ ಒಯ್ದು ರಿವೈಂಡಿಂಗ್ ಮಾಡಿಸಿದೆವು. ತಂದು ಕೂರಿಸಿದರೆ ಮತ್ತೆ ಅದೇ ಗೊರ್ರ್. ಕೊನೆಗೆ ನೋಡಿದರೆ ಒಂದು ಫೇಸ್ ಬರುತ್ತಲೇ ಇರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಇಲಿ ಕೇಬಲ್ ಕಡಿದಿತ್ತು.

ಮಸ್ಕ್ಯುಲರ್ ಡಿಸ್ಟ್ರೋಫಿ ಕಥೆಯಲ್ಲೂ ಇದೇ ಗೊಂದಲ ಆಗಿದೆ. ಅಲ್ಲೂ ಒಂದು ಇಲಿ ಇದೆ!

ಡಿಸ್ಟ್ರೋಫಿ ಅಂದರೆ ಸ್ನಾಯು ಸ್ವಲ್ಪಸ್ವಲ್ಪವಾಗಿ ಸವೆದುಹೋಗುವ, ಜೀನ್‌ನಿಂದ ಬರುವ ಕಾಯಿಲೆ. ನಮ್ಮಲ್ಲಿ ಯಾರ ಕೈಕಾಲು ಸೋತರೂ 'ನರದ ವೀಕ್ನೆಸ್' ಅಂದುಬಿಡುತ್ತೇವೆ, ಅಲ್ವಾ? ಡಾಕ್ಟರುಗಳು ಮಾತ್ರ ಇದನ್ನು ಸ್ನಾಯುವಿನ ಕಾಯಿಲೆ ಅಂತಲೇ ಬರೆಯುತ್ತಾರೆ. ಅದು ಸರಿಯೇ. ಆದರೆ ಪೂರ್ತಿ ಅಲ್ಲ.

[ದೃಶ್ಯ: ಹಿಂಗಾಲು ಎಳೆಯುತ್ತಾ ನಡೆಯುವ ಇಲಿಯ ಚಿತ್ರ]

1951. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಕೆಲವು ಇಲಿಗಳು ಹಿಂಗಾಲು ಎಳೆಯತೊಡಗಿದವು. ಸ್ನಾಯು ಕತ್ತರಿಸಿ ನೋಡಿದರು, ಹಾಳಾಗಿತ್ತು. ಡಿಸ್ಟ್ರೋಫಿ ಅಂತ 1955ರಲ್ಲಿ ವರದಿ ಬಂತು. ಆಮೇಲೆ 1973ರಲ್ಲಿ ಬ್ರಾಡ್ಲಿ ಮತ್ತು ಜೆಂಕಿಸನ್ ಎಂಬ ಸಂಶೋಧಕರು ಅದೇ ತಳಿಯ ಇಲಿಯ ನರದ ಬೇರುಗಳನ್ನು, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಜಾಗವನ್ನು, ನೋಡಿದರು. ಅಲ್ಲಿ ನೂರಾರು ನರತಂತುಗಳು ಬರಿಮೈಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಬಿದ್ದಿದ್ದವು. ವೈರಿಗೆ ಸಿಪ್ಪೆಯೇ ಇರಲಿಲ್ಲ!

ಆ ಸಿಪ್ಪೆಯ ಹೆಸರು ಮಯಲಿನ್. ಅದನ್ನು ಸುತ್ತುವುದು ಶ್ವಾನ್ ಕೋಶ. ಮೊದಲು ಅದು ತಂತುಗಳ ಕಟ್ಟಿನೊಳಗೆ ಕೈ ಹಾಕಿ, ಒಂದನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಅದಕ್ಕೆ ಸುತ್ತು ಹಾಕಬೇಕು. ಈ ಇಲಿಗಳಲ್ಲಿ ಬಿಡಿಸುವ ಕೆಲಸವೇ ಆಗಿರಲಿಲ್ಲ. 1980ರಲ್ಲಿ ರಾಸ್ಮಿನ್ಸ್ಕಿ ಎಂಬ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ಬೆತ್ತಲೆ ತಂತುಗಳ ನಡುವೆ ಸಂಕೇತ ಒಂದರಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಮಳೆಗಾಲದಲ್ಲಿ ನಮ್ಮ ಹಳೇ ಲ್ಯಾಂಡ್‌ಲೈನಿನಲ್ಲಿ ಪಕ್ಕದ ಮನೆಯವರ ಮಾತು ಕೇಳಿಸುತ್ತಿತ್ತಲ್ಲ, ಹಾಗೆ.

ಕಾರಣ ಸಿಕ್ಕಿದ್ದು 1990ರ ದಶಕದಲ್ಲಿ. ಈ ಇಲಿಗಳಲ್ಲಿ ಲ್ಯಾಮಿನಿನ್ ಆಲ್ಫಾ-2 ಎಂಬ ಪ್ರೋಟೀನ್ ತೀರಾ ಕಡಿಮೆ. ಸ್ನಾಯುತಂತುವಿನ ಹೊರಗೆ ಒಂದು ತೆಳು ಪದರ ಇದೆ, ಈ ಪ್ರೋಟೀನ್ ಅಲ್ಲಿರುತ್ತದೆ. ಶ್ವಾನ್ ಕೋಶದ ಸುತ್ತಲೂ ಇರುತ್ತದೆ. ಒಂದೇ ಜೀನ್ ಕೆಟ್ಟರೆ ಮೋಟರೂ ಹೋಯಿತು, ವೈರೂ ಹೋಯಿತು. ಇದೇ ಜೀನ್ ಕೆಟ್ಟು ಹುಟ್ಟುವ ಮಕ್ಕಳಲ್ಲೂ ಎಷ್ಟೋ ಸಲ ನರದ ಸಂಕೇತದ ವೇಗ ಕಡಿಮೆ ಇರುತ್ತದೆ.

[ದೃಶ್ಯ: ತಟ್ಟೆಯಲ್ಲಿ ಜಿಲೇಬಿ, ಪಕ್ಕದಲ್ಲಿ ಬೂಂದಿ]

ಹಾಗಂತ ಎಲ್ಲಾ ಡಿಸ್ಟ್ರೋಫಿಯೂ ಹೀಗಲ್ಲ. ಜಾಸ್ತಿ ಕೇಳಿಬರುವುದು ಡುಶೆನ್ ಎಂಬ ಬಗೆ. ಅದರ ಮಾದರಿ 1984ರಲ್ಲಿ ವರದಿಯಾದ ಎಂಡಿಎಕ್ಸ್ ಇಲಿ. ಇದರಲ್ಲಿ ಇಲ್ಲದ್ದು ಡಿಸ್ಟ್ರೋಫಿನ್ ಎಂಬ ಇನ್ನೊಂದು ಪ್ರೋಟೀನ್. ವೈರ್ ಚೆನ್ನಾಗಿಯೇ ಇದೆ. ಎಡವಟ್ಟು ಸ್ನಾಯುವಿನಲ್ಲೇ. ಅದರ ಗುರುತು ನರ ಬಂದು ಸ್ನಾಯುವನ್ನು ಮುಟ್ಟುವ ಕಡೆಯೂ ಕಾಣುತ್ತದೆ, ಪ್ಲಗ್ ಪಾಯಿಂಟಿನಲ್ಲಿ ಅನ್ನಿ. ಆರೋಗ್ಯವಂತ ಇಲಿಯಲ್ಲಿ ಆ ಜಾಗ ಜಿಲೇಬಿಯ ಹಾಗೆ ಸುರುಳಿ ಸುರುಳಿಯಾಗಿ ಕಾಣುತ್ತದೆ. ಎಂಡಿಎಕ್ಸ್ ಇಲಿಯಲ್ಲಿ ಸ್ನಾಯುತಂತು ಸತ್ತು ಮತ್ತೆ ಹುಟ್ಟಿದಾಗ ಜಿಲೇಬಿ ಒಡೆದು ಬೂಂದಿಯಾಗಿರುತ್ತದೆ. ಆದರೂ ಸಂಕೇತ ಬಹುಮಟ್ಟಿಗೆ ದಾಟುತ್ತದೆ.

ಇದನ್ನು ಕಣ್ಣಿಗೆ ಕಾಣಿಸುವುದು ಹೇಗೆ ಗೊತ್ತಾ? ಹಾವಿನ ವಿಷದಿಂದ. ತೋಟದಲ್ಲಿ ಕಂಡರೆ ನಾವು ಮೂರು ಮಾರು ಹಾರುವ ಕಟ್ಟುಹಾವಿಗೆ ತೈವಾನ್‌ನಲ್ಲಿ ಒಬ್ಬ ನೆಂಟನಿದ್ದಾನೆ. ಅವನ ವಿಷದ ಒಂದು ಅಂಶ ನೇರ ಹೋಗಿ ಆ ಜಾಗಕ್ಕೇ ಅಂಟುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ಕಳಿಸಿದರೆ ಜಿಲೇಬಿ ಮಿಂಚುತ್ತದೆ. ನನಗಂತೂ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದು.

[ದೃಶ್ಯ: ಮತ್ತೆ ಪಂಪ್ ಶೆಡ್, ತುಂಡಾದ ಕೇಬಲ್ ಹತ್ತಿರದಿಂದ]

ಈಗ ಕಾಲೆಳೆಯುವ ಇಲಿಗೆ ವಾಪಸ್ ಬರೋಣ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಲ್ಯಾಮಿನಿನ್ ಆಲ್ಫಾ-2 ಕೊರತೆಯ ಇಲಿಗಳ ಸ್ನಾಯುವಿಗೆ ಮಾತ್ರ ಒಳ್ಳೆಯ ಜೀನ್ ಸೇರಿಸಿದರು. ಸ್ನಾಯು ಸುಧಾರಿಸಿತು. ಇಲಿಗಳು ಹೆಚ್ಚು ಕಾಲ ಬದುಕಿದವು. ಹಿಂಗಾಲು ಮಾತ್ರ ಮೊದಲಿನಂತೆಯೇ ಕುಂಟುತ್ತಿತ್ತು. ರಿವೈಂಡಿಂಗ್ ಆಗಿತ್ತು, ಕೇಬಲ್ ಹಾಗೇ ಇತ್ತು.